ಗೂನುಬೆನ್ನಿನ ಗುಟ್ಟನ್ನು ಅರಿತ ಪರ್ಸಿವಲ್ ಪಾಟ್

ಓಡಾಡಿಕೊಂಡಿದ್ದ ಮಗು ಮೆಲ್ಲಮೆಲ್ಲನೆ ಆಟ ಬಿಟ್ಟು ಮೂಲೆ ಸೇರುತ್ತದೆ. ನಡೆದರೆ ಎಡವುತ್ತದೆ, ಕಾಲಿಗೆ ಕಾಲು ತೊಡರುತ್ತದೆ. ಬೆನ್ನಿನ ನಡುವೆ ಒಂದು ಗಂಟು ಎದ್ದು ಕಾಣುತ್ತದೆ. ಕೊನೆಗೊಂದು ದಿನ ನಿಲ್ಲುವುದಕ್ಕೂ ಆಗುವುದಿಲ್ಲ. ಎಲ್ಲಿಯೋ ಬಿದ್ದು ಪೆಟ್ಟಾಗಿರಬೇಕೆಂದು ತಂದೆ ತಾಯಿ ತಿಳಿಯುತ್ತಾರೆ. ಇದು ನಿನ್ನೆ ಮೊನ್ನೆಯ ರೋಗವಲ್ಲ. ಈಜಿಪ್ಟಿನ ಮಮ್ಮಿಗಳ ಬೆನ್ನೆಲುಬಿನಲ್ಲಿಯೂ ಇದರ ಗುರುತು ಸಿಕ್ಕಿದೆ. ಇದನ್ನು ವಿವರವಾಗಿ ಬರೆದಿಟ್ಟು, ರೋಗಕ್ಕೆ ತನ್ನ ಹೆಸರನ್ನೇ ಬಿಟ್ಟು ಹೋದವನು ಲಂಡನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್.

ಪಾಟ್ ಹುಟ್ಟಿದುದು 1714ರಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹುಡುಗ ಪಾದ್ರಿಯಾಗಲೆಂದು ಮನೆಯವರು ಬಯಸಿದರೂ ಅವನ ಮನಸ್ಸು ಶಸ್ತ್ರವೈದ್ಯದ ಕಡೆಗೇ ಇತ್ತು. ಆಗ ಇಂಗ್ಲೆಂಡಿನಲ್ಲಿ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘ. ಅವರು ಬೇರೆಯಾದುದು 1745ರಲ್ಲಿ. 1729ರಲ್ಲಿ ಪಾಟ್, ಸೈಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಎಡ್ವರ್ಡ್ ನೋರ್ಸ್ ಎಂಬವನ ಶಿಷ್ಯನಾಗಿ 7 ವರ್ಷ ಕಲಿತನು. 1749ರಲ್ಲಿ ಅದೇ ಆಸ್ಪತ್ರೆಯ ಪೂರ್ಣ ಶಸ್ತ್ರವೈದ್ಯನಾಗಿ, 1787ರವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದನು.

1756ರಲ್ಲಿ ಅವನು ಕುದುರೆಯ ಮೇಲಿಂದ ಬಿದ್ದನು. ಕಾಲಿನ ಎಲುಬು ಮುರಿದು ಚರ್ಮವನ್ನು ಸೀಳಿ ಹೊರಬಂತು. ಅಲುಗಾಡಿಸಿದರೆ ಕೆಡುತ್ತದೆಂದು ಅರಿತ ಪಾಟ್ ಚಳಿಯಲ್ಲಿ ನೆಲದ ಮೇಲೆಯೇ ಮಲಗಿದ್ದು, ಪಲ್ಲಕ್ಕಿ ಹೊರುವವರನ್ನು ಕರೆಸಿದನು. ಒಂದು ಬಾಗಿಲನ್ನು ಕೊಂಡು, ಅವರ ಕೋಲುಗಳನ್ನು ಅದಕ್ಕೆ ಬಡಿಸಿ, ಅದರ ಮೇಲೆ ಮಲಗಿ ಮನೆ ಸೇರಿದನು. ಅಂಥ ಗಾಯಕ್ಕೆ ಆಗ ಕಾಲು ಕತ್ತರಿಸುವುದೇ ಮದ್ದು. ಸಲಕರಣೆಗಳು ಸಿದ್ಧವಾಗಿದ್ದುವು. ಅಷ್ಟರಲ್ಲಿ ಬಂದ ಗುರು ನೋರ್ಸ್, ಕಾಲನ್ನು ಉಳಿಸಿ ನೋಡೋಣವೆಂದನು. ಕಾಲು ಉಳಿಯಿತು. ಹಾಸಿಗೆಯಲ್ಲಿದ್ದ ಆ ದಿನಗಳಲ್ಲಿ ಪಾಟ್ ಬರೆಯತೊಡಗಿದನು. ಬರವಣಿಗೆ ಮತ್ತೆ ನಿಲ್ಲಲಿಲ್ಲ.

ಹೊಗೆಗೂಡಿನೊಳಗೆ ಹತ್ತಿ ಮಸಿ ತೆಗೆಯುವ ಬಡ ಹುಡುಗರಿಗೆ ಮುಂದೆ ಬರುತ್ತಿದ್ದ ಕ್ಯಾನ್ಸರಿಗೆ ಆ ಮಸಿಯೇ ಕಾರಣವೆಂದು ಅವನು 1775ರಲ್ಲಿ ತೋರಿಸಿಕೊಟ್ಟನು. ಕಸುಬಿನಿಂದ ಕ್ಯಾನ್ಸರ್ ಬರುವುದೆಂದು ಮೊದಲಾಗಿ ತಿಳಿದುಬಂದುದು ಹೀಗೆ.

ಗೂನುಬೆನ್ನಿನ ಕುರಿತ ಪುಸ್ತಕ ಬಂದುದು 1779ರಲ್ಲಿ, 1782ರಲ್ಲಿ ಇನ್ನೊಂದು. ಬೆನ್ನು ಬಾಗಿದ ಈ ರೋಗಿಗಳ ಕಾಲುಗಳು ಸಾಮಾನ್ಯ ಪಾರ್ಶ್ವವಾಯುವಿನಂತೆ ಜೋತು ಬೀಳದೆ ಬಿಗಿದು ಸೆಟೆದುಕೊಳ್ಳುವುದನ್ನು ಅವನು ಗಮನಿಸಿದನು. ಬಿದ್ದ ಪೆಟ್ಟು ಮೂಲಕಾರಣವಲ್ಲ, ಮೊದಲು ಎಲುಬು ರೋಗದಿಂದ ಕೊಳೆಯುತ್ತದೆ, ಬಾಗುವುದು ಅದರ ಫಲ ಎಂದು ವಾದಿಸಿದನು. ಕೊಳೆತ ಎಲುಬನ್ನು ಕಬ್ಬಿಣದ ಪಟ್ಟಿ, ತಿರುಪಿನ ಕುರ್ಚಿಗಳಿಂದ ನೆಟ್ಟಗೆ ಮಾಡಹೊರಡುವುದು ಮಕ್ಕಳಿಗೆ ಹಿಂಸೆಯೇ ಹೊರತು ಚಿಕಿತ್ಸೆಯಲ್ಲವೆಂದು ಸಾರಿದನು.

ಆದರೆ ಅವನ ಚಿಕಿತ್ಸೆಯೂ ಇಂದು ಉಳಿದಿಲ್ಲ. ಗೂನಿನ ಎರಡೂ ಬದಿಗಳಲ್ಲಿ ಚರ್ಮವನ್ನು ಸುಟ್ಟು ಹುಣ್ಣು ಮಾಡಿ, ತಿಂಗಳುಗಟ್ಟಲೆ ಕೀವು ಹರಿಸುವ ಪದ್ಧತಿ ಅದು. ಕಣ್ಣು ಸರಿಯಾಗಿ ಕಂಡಿತ್ತು. ಕೈಗೆ ತಕ್ಕ ಮದ್ದು ಸಿಕ್ಕಿರಲಿಲ್ಲ. 1788ರ ಡಿಸೆಂಬರಿನಲ್ಲಿ, ಚಳಿಯಲ್ಲಿ ದೂರದ ರೋಗಿಯೊಬ್ಬನನ್ನು ನೋಡಿ ಬಂದ ಪಾಟ್ ಶೀತ ಹಿಡಿದು ಹಾಸಿಗೆ ಸೇರಿ, 22ರಂದು ತೀರಿಕೊಂಡನು.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದನು. ಪಾಟ್ ಕಂಡ ಗೂನಿಗೂ ಅದೇ ಕಾರಣ. ರೋಗಾಣು ರಕ್ತದ ಮೂಲಕ ಬೆನ್ನೆಲುಬನ್ನು ಸೇರಿ, ಮಣಿಗಳ ಮುಂಭಾಗವನ್ನು ತಿನ್ನುತ್ತದೆ. ಸವೆದ ಮಣಿಗಳು ಮುಂದಕ್ಕೆ ಕುಸಿದಾಗ ಬೆನ್ನು ಗೂನಾಗುತ್ತದೆ. ಕೀವು ಬೆನ್ನುಹುರಿಯನ್ನು ಒತ್ತಿದಾಗ ಕಾಲಿನ ಶಕ್ತಿ ಉಡುಗುತ್ತದೆ. 1944ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದುದರಿಂದ ಕ್ಷಯರೋಗಿಗಳ ಬಾಳು ಬದಲಾಯಿತು. ಇಂದು ಹಲವು ಔಷಧಗಳನ್ನು ಕೂಡಿಸಿ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ.

ಎಲ್ಲ ಗೂನೂ ಕ್ಷಯವಲ್ಲ. ಬೆಳೆಯುವ ಮಕ್ಕಳಲ್ಲಿ ಬೆನ್ನು ಪಕ್ಕಕ್ಕೆ ಬಾಗುವುದು ಬೇರೆಯೇ ತೊಂದರೆ. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು. ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವುದು ನಮ್ಮ ದೇಶದಲ್ಲಿ. ಸರಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧ ಉಚಿತ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆಯ ಜ್ವರ, ಮೈ ಇಳಿಯುವುದು ಇವು ಕಂಡರೆ ಎಣ್ಣೆ ತಿಕ್ಕಿ, ಹರಕೆ ಹೊತ್ತು ಕಾಯುತ್ತ ಕುಳಿತಿರಬಾರದು. ಪಾಟ್‌ನ ಕಾಲದ ಮಕ್ಕಳಿಗೆ ಮದ್ದಿರಲಿಲ್ಲ. ನಮ್ಮ ಮಕ್ಕಳಿಗೆ ಇದೆ. ಅದು ಸಕಾಲದಲ್ಲಿ ತಲುಪುವಂತೆ ನೋಡಿಕೊಳ್ಳಬೇಕಾದವರು ನಾವು.