ಛಾಯಾಚಿತ್ರ ಕಲೆಯ ಕಾಯಕಜೀವಿ ಜಾರ್ಜ್ ಈಸ್ಟ್‌ಮನ್

ದ್ರವ್ಯ ಸಂಪಾದಿಸಿದವರು ಲೋಕದಲ್ಲಿ ಅನೇಕರು. ಸಂಪಾದಿಸಿದುದನ್ನು ವಿದ್ಯೆಗಾಗಿ ಸವೆಸಿದವರು ವಿರಳ. ಅಂಥ ವಿರಳರಲ್ಲೊಬ್ಬರು ಕೊಡಾಕ್ ಕ್ಯಾಮರಾದ ನಿರ್ಮಾತೃವಾದ ಅಮೆರಿಕೆಯ ಜಾರ್ಜ್ ಈಸ್ಟ್‌ಮನ್ನರು.

1854ರ ಜುಲೈ 12ರಂದು ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬಲ್ಲಿ ಜನಿಸಿದ ಅವರಿಗೆ 1862ರಲ್ಲಿ ಪಿತೃವಿಯೋಗವಾಯಿತು. ತಾಯಿಯವರು ರಾಚೆಸ್ಟರ್ ನಗರದ ತಮ್ಮ ಮನೆಯಲ್ಲಿ ಪರರಿಗೆ ಊಟ ವಸತಿಗಳನ್ನೊದಗಿಸಿ ಸಂಸಾರ ಸಾಗಿಸಿದರು. ಬಡತನದ ನಿಮಿತ್ತ ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟ ಈಸ್ಟ್‌ಮನ್ನರು ವಿಮಾ ಕಚೇರಿಯೊಂದನ್ನು ಸೇರಿ, 1874ರಲ್ಲಿ ಬ್ಯಾಂಕಿನ ಗುಮಾಸ್ತರಾದರು.

1877ರಲ್ಲಿ ಅವರಿಗೆ ಛಾಯಾಚಿತ್ರದ ಹವ್ಯಾಸ ಹತ್ತಿತು. ಆಗ ಗಾಜಿನ ಫಲಕಕ್ಕೆ ರಸಾಯನವನ್ನು ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಆದ್ದರಿಂದ ಹೊರಗೆ ಹೋಗುವಾಗ ಕತ್ತಲೆಗಾಗಿ ಡೇರೆಯನ್ನೂ ಹೊರಬೇಕಿತ್ತು. ಈ ಕಷ್ಟವನ್ನು ನೀಗಲೆಂದು ಅವರು ಹಗಲು ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಪ್ರಯೋಗ ನಡೆಸಿದರು. 1880ರಲ್ಲಿ ಒಣಫಲಕಗಳ ತಯಾರಿಕೆ ಆರಂಭವಾಯಿತು. ಮಾರಿದ ಫಲಕಗಳು ಒಮ್ಮೆ ಕೆಟ್ಟುಹೋದಾಗ ನಷ್ಟವನ್ನೆಣಿಸದೆ ಬೇರೆ ಫಲಕಗಳನ್ನು ಕೊಟ್ಟು ಮಾತುಳಿಸಿಕೊಂಡರು.

1888ರಲ್ಲಿ ಹೊರಬಂದ ಕೊಡಾಕ್ ಕ್ಯಾಮರಾದ ಬೆಲೆ 25 ಡಾಲರ್. ನೂರು ಚಿತ್ರಗಳನ್ನು ತೆಗೆದಮೇಲೆ ಕ್ಯಾಮರಾವನ್ನೇ ರಾಚೆಸ್ಟರಿಗೆ ಕಳುಹಿದರೆ, 10 ಡಾಲರಿಗೆ ಚಿತ್ರಗಳನ್ನು ತೊಳೆದು, ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಕ್ಯಾಮರಾ ಒಂದೇ ಡಾಲರಿಗೆ ದೊರೆಯಿತು. ಶ್ರೀಮಂತರ ಹವ್ಯಾಸವು ಬಡವರ ಮಕ್ಕಳ ಕೈಗೂ ಎಟುಕಿತು. ಆದರೂ ಮನೆಯ ಮೂಲೆಯನ್ನೇ ಕತ್ತಲೆಕೋಣೆಯಾಗಿಸಿ, ಡೆವಲಪರ್, ಹೈಪೋಗಳಲ್ಲಿ ತಾವೇ ಫಿಲ್ಮ್ ತೊಳೆಯುವ ಆಸಕ್ತರು ಎಲ್ಲೆಡೆಯೂ ಉಳಿದರು.

ಅವಿವಾಹಿತರಾಗಿಯೇ ಬಾಳಿದ ಈಸ್ಟ್‌ಮನ್ನರು ಹತ್ತು ಕೋಟಿ ಡಾಲರಿಗೂ ಮಿಕ್ಕಿ ದಾನ ಮಾಡಿದರು. ಮೆಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಬಹುಕಾಲ ಸ್ಮಿತ್ ಎಂಬ ಹುಸಿಹೆಸರಿನಿಂದಲೇ ಧನವಿತ್ತರು. ರಾಚೆಸ್ಟರ್ ವಿಶ್ವವಿದ್ಯಾನಿಲಯವೂ, ನೀಗ್ರೋ ಜನಾಂಗದ ಶಿಕ್ಷಣಕ್ಕಾಗಿ ಸ್ಥಾಪಿತವಾದ ಟಸ್ಕೀಗಿ ಮತ್ತು ಹ್ಯಾಂಪ್ಟನ್ ಸಂಸ್ಥೆಗಳೂ ಅವರ ನೆರವು ಪಡೆದವು. 1932ರ ಮಾರ್ಚ್ 14ರಂದು ಅವರು ಇಹಲೋಕವನ್ನು ತ್ಯಜಿಸಿದರು.

ಕಾಲದ ಗತಿ ವಿಚಿತ್ರ. 1975ರಲ್ಲಿ ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮರಾ ರೂಪುಗೊಂಡದ್ದು ಅವರದೇ ಕಂಪನಿಯಲ್ಲಿ. 2009ರಲ್ಲಿ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆ ನಿಂತಿತು. 2012ರಲ್ಲಿ ಕಂಪನಿಯು ದಿವಾಳಿ ಕಾಯಿದೆಯ ಆಶ್ರಯ ಬೇಡಿತು. ಕತ್ತಲೆಕೋಣೆಗಳು ಒಂದೊಂದಾಗಿ ಉಗ್ರಾಣಗಳಾದವು. ಇಂದು ಮನೆಯಲ್ಲಿ ಫಿಲ್ಮ್ ತೊಳೆಯುವವರು ಕೆಲವರೇ. ಈಸ್ಟ್‌ಮನ್ನರು ಹಸಿಫಲಕಕ್ಕೆ ಮಾಡಿದುದನ್ನೇ ಕಾಲವು ಅವರ ಫಿಲ್ಮಿಗೆ ಮಾಡಿತು.

ಯಂತ್ರ ಹಳತಾಗುತ್ತದೆ, ವ್ಯಾಪಾರ ಕುಗ್ಗುತ್ತದೆ. ಅವರ ಧನದಿಂದ ಬೆಳೆದ ವಿದ್ಯಾಲಯಗಳಲ್ಲಿ ಮಾತ್ರ ಇಂದಿಗೂ ಪಾಠ ನಡೆಯುತ್ತಿದೆ. ಕಾಯಕದಿಂದ ಗಳಿಸಿದುದು ದಾಸೋಹದಲ್ಲಿ ಸಂದಾಗ ಮಾತ್ರ ಉಳಿಯುತ್ತದೆಂಬುದಕ್ಕೆ ಈ ದೂರದೇಶದ ಜೀವನವೂ ಸಾಕ್ಷಿ.