ಸರ್ ಎಂ. ವಿಶ್ವೇಶ್ವರಯ್ಯನವರೂ ಮೂಸಿ ನದಿಯೂ

ತಾಂಡೂರಿನಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವಾಗ ನಡುವೆ ವಿಕಾರಾಬಾದ್ ನಿಲ್ದಾಣ ಬರುತ್ತದೆ. ಅದರ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ ಮೂಸಿ ನದಿ ಹುಟ್ಟುತ್ತದೆ. ನಮ್ಮ ಕಾಗಿಣಾ ಪಶ್ಚಿಮಕ್ಕೆ ಹರಿದು ಭೀಮೆಯನ್ನು ಸೇರಿದರೆ, ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದ್ ನಗರದ ನಡುವೆ ಹಾದುಹೋಗುತ್ತದೆ. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಸೆಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಪ್ರತೀತಿ. ಆಗ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳೆಲ್ಲ ನಿಜಾಮರ ಆಳಿಕೆಯಲ್ಲಿದ್ದವು. ಹಾಗಾಗಿ ಅದು ನಮ್ಮ ಹಿರಿಯರ ರಾಜಧಾನಿಗೆ ಬಂದ ವಿಪತ್ತು.

ಇಂಥ ವಿಪತ್ತು ಮರುಕಳಿಸದಂತೆ ದಾರಿ ತೋರಲು ನಿಜಾಮ್ ಸರ್ಕಾರ ಕರೆಸಿದ ಇಂಜಿನಿಯರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಪೂರ್ವಜರು ಆಂಧ್ರದ ಮೋಕ್ಷಗುಂಡಂ ಗ್ರಾಮದವರು. ಮನೆಮಾತು ತೆಲುಗು, ಬೆಳೆದ ನೆಲ ಕನ್ನಡ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಗಡಿನಾಡ ಮಕ್ಕಳಿಗೆ ಇದೇನೂ ಹೊಸದಲ್ಲ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದನ್ನು ಸಾಗಿಸಿದರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಪ್ರಥಮರಾದರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ತಾನೇತಾನಾಗಿ ತೆರೆದು ಮುಚ್ಚುವ ಬಾಗಿಲುಗಳು ಅವರ ಹೆಸರನ್ನು ದೂರದೂರಕ್ಕೆ ಒಯ್ದವು.

ಹೈದರಾಬಾದಿನಿಂದ ಕರೆ ಬಂದಾಗ ಅವರು ಮುಂಬಯಿ ಕೆಲಸದಿಂದ ಬಿಡುಗಡೆ ಪಡೆದು ಯುರೋಪಿನ ಪ್ರವಾಸದಲ್ಲಿದ್ದರು. 1909ರಲ್ಲಿ ಬಂದು ಕೆಲಸ ವಹಿಸಿಕೊಂಡರು. ನಗರದ ದಡಕ್ಕೊಂದು ಎತ್ತರದ ಗೋಡೆ ಕಟ್ಟಿಸಿ ಸುಮ್ಮನಾಗಬಹುದಿತ್ತು. ಆದರೆ ನೀರು ಬಂದದ್ದೆಲ್ಲಿಂದ ಎಂಬುದನ್ನು ಅವರು ಮೊದಲು ಹುಡುಕಿದರು. ನದಿಯ ಮೇಲ್ಭಾಗದ ಮಳೆಯ ಲೆಕ್ಕ ತೆಗೆಸಿದರು, ಕೆರೆಗಳನ್ನು ಎಣಿಸಿದರು. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ಮೇಲಿನ ಕೆರೆಯೊಡೆದ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆದಾಗ ಪ್ರವಾಹ ಹಿಗ್ಗುತ್ತ ಹೋಗುತ್ತದೆ. ಆದ್ದರಿಂದ ನಗರಕ್ಕಿಂತ ಮೇಲೆಯೇ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಹಿಡಿದು, ನದಿ ತಾಳುವಷ್ಟು ನೀರನ್ನು ಮಾತ್ರ ಬಿಡಬೇಕೆಂಬ ಯೋಜನೆಯನ್ನು ಅವರು ಮುಂದಿಟ್ಟರು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ವರದಿ ಸರ್ಕಾರದ ಕೈಸೇರಿತು.

ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಹೊರಟುಹೋದರು. ಆದರೂ ಕೆಲಸ ನಿಲ್ಲಲಿಲ್ಲ. ಅವರು ತೋರಿದ ದಾರಿಯಲ್ಲೇ ಬೇರೆ ಇಂಜಿನಿಯರುಗಳು 1920ರಲ್ಲಿ ಉಸ್ಮಾನ್ ಸಾಗರವನ್ನೂ 1927ರಲ್ಲಿ ಹಿಮಾಯತ್ ಸಾಗರವನ್ನೂ ಮುಗಿಸಿದರು. ಪ್ರವಾಹ ತಡೆಯಲು ಹುಟ್ಟಿದ ಯೋಜನೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟಿತು.

ಮುಂದೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದುದು, ಕನ್ನಂಬಾಡಿ ಕಟ್ಟೆಗೆ ದುಡಿದುದು, 1955ರಲ್ಲಿ ಭಾರತರತ್ನರಾದುದು ಎಲ್ಲರಿಗೂ ಗೊತ್ತು. ನೂರು ವರ್ಷ ದಾಟಿದ ತುಂಬು ಬಾಳನ್ನು ಬಾಳಿ 1962ರಲ್ಲಿ ಅವರು ನಿಧನರಾದರು. ಅವರ ಹುಟ್ಟಿದ ದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತದೆ.

ವಿದ್ಯಾರ್ಥಿಗಳೇ, ಶ್ರೇಷ್ಠ ಕೆಲಸಗಾರನ ಗುಣಗಳೇನು ಎಂಬುದಕ್ಕೆ ಈ ಒಂದೇ ವರ್ಷದ ದುಡಿಮೆ ಸಾಕ್ಷಿ. ತೊಂದರೆ ಕಂಡಲ್ಲಿ ತೇಪೆ ಹಾಕದೆ ಅದರ ಮೂಲವನ್ನು ಹುಡುಕುವುದು, ಊಹೆಯನ್ನು ನಂಬದೆ ಅಳೆದು ಎಣಿಸುವುದು, ಹೊತ್ತಿಗೆ ಸರಿಯಾಗಿ ಮುಗಿಸುವುದು, ತಾನಿಲ್ಲದಾಗಲೂ ಇನ್ನೊಬ್ಬರು ಮುಂದುವರಿಸುವಷ್ಟು ಸ್ಪಷ್ಟವಾಗಿ ಬರೆದಿಡುವುದು. ಇವುಗಳಲ್ಲಿ ಕೊನೆಯದೇ ಬಲು ಕಷ್ಟದ್ದು, ಏಕೆಂದರೆ ಅಲ್ಲಿ ಹೆಸರಿನ ಆಸೆಗೆ ಎಡೆಯಿಲ್ಲ. ಮೂಲ ಮರೆತರೆ ಏನಾಗುವುದೆಂಬುದನ್ನು 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಕೆಲವು ಕೆರೆಗಳು ಒಡೆದು ಬಡಾವಣೆಗಳಿಗೆ ನೀರು ನುಗ್ಗಿದಾಗ ನಾವೇ ಕಂಡೆವು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೇನು ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಆ ಚಿಂತೆ ಸಣ್ಣದಲ್ಲ. ಬೇರೆ ಭಾಷೆಗಳನ್ನೂ ಮಕ್ಕಳು ಕಲಿಯಲೇಬೇಕು. ಆದರೆ ಮೇಲೆ ಹೇಳಿದ ಗುಣಗಳಿಗೆ ಯಾವ ಮಾಧ್ಯಮವೂ ಅಡ್ಡಿಯಾಗದು. ಲೆಕ್ಕದ ಉತ್ತರ ತಪ್ಪಿದಾಗ ಅದನ್ನು ಅಳಿಸಿ ಗೆಳೆಯನ ಉತ್ತರ ನಕಲು ಮಾಡದೆ, ಯಾವ ಹಂತದಲ್ಲಿ ತಪ್ಪಿತೆಂದು ಹಿಂತಿರುಗಿ ನೋಡುವ ಹುಡುಗನಲ್ಲಿ, ಹುಡುಗಿಯಲ್ಲಿ ಆ ಗುಣ ಆಗಲೇ ಮೊಳೆತಿದೆ. ಅದಕ್ಕೆ ನೀರೆರೆಯುವುದು ಮನೆಯವರ ಮತ್ತು ನಮ್ಮೆಲ್ಲರ ಹೊಣೆ.