ಅಣ್ಣಾ ಮಣಿ

ಚಂದ್ರಂಪಳ್ಳಿ, ಸೇಡಂ, ಚಿಂಚೋಳಿಗಳ ಕಡೆ ಹಗಲೆಲ್ಲ ಕಾದ ಶಹಾಬಾದಿ ಕಲ್ಲಿನ ಅಂಗಳವು ಚಳಿಗಾಲದ ನಿರ್ಮಲವಾದ ಇರುಳಿನಲ್ಲಿ ಬೇಗನೆ ತಣ್ಣಗಾಗುತ್ತದೆ; ಮೋಡ ಕವಿದ ಇರುಳಿನಲ್ಲಿ ಹಾಗಾಗುವುದಿಲ್ಲ. ನೆಲವು ಕಣ್ಣಿಗೆ ಕಾಣದ ಉಷ್ಣಕಿರಣಗಳನ್ನು ಎಡೆಬಿಡದೆ ಆಕಾಶಕ್ಕೆ ಸೂಸುತ್ತಿರುತ್ತದೆ. ವಾಯುಮಂಡಲದಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡಗಳು ಅವುಗಳಲ್ಲಿ ಬಹುಭಾಗವನ್ನು ಹೀರಿ, ಉಷ್ಣವನ್ನು ಮರಳಿ ನೆಲದತ್ತಲೂ ಸೂಸುತ್ತವೆ. ಹೀಗೆ ಹೋಗುವುದೆಷ್ಟು, ಬರುವುದೆಷ್ಟು ಎಂಬುದನ್ನು ಭಾರತದ ಆಕಾಶದಲ್ಲಿ ಅಳೆದವರಲ್ಲಿ ಅಣ್ಣಾ ಮಣಿಯವರು ಪ್ರಮುಖರು.

ಅವರು 1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆಗಳನ್ನು ಕೊಡಹೋದಾಗ ಆ ಬಾಲಿಕೆ ಅವನ್ನು ಒಲ್ಲದೆ ವಿಶ್ವಕೋಶವನ್ನು ಬೇಡಿದಳು. ವಜ್ರಗಳು ಮುಂದೆ ಬೇರೊಂದು ಬಗೆಯಲ್ಲಿ ಅವರ ಕೈಸೇರಿದವು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳು ಬೆಳಕನ್ನು ಸೂಸುವ ರೀತಿಯನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕವನ್ನು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ನಿದ್ರೆ. ಐದು ಸಂಶೋಧನ ಲೇಖನಗಳು ಪ್ರಕಟವಾದವು. ಆದರೂ 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ಮದರಾಸು ವಿಶ್ವವಿದ್ಯಾನಿಲಯವು ಡಾಕ್ಟರೇಟ್ ಪದವಿಯನ್ನು ನೀಡಲಿಲ್ಲ. ಎಂ.ಎಸ್‌ಸಿ. ಪದವಿ ಇಲ್ಲವೆಂಬುದೇ ಕಾರಣ! ಅದಕ್ಕಾಗಿ ಅವರು ಕೊರಗುತ್ತ ಕುಳಿತುಕೊಳ್ಳಲಿಲ್ಲ.

ಅದೇ ವರ್ಷ ಲಂಡನ್ನಿಗೆ ತೆರಳಿ ಹವಾಮಾನ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಆಗ ಸಾಮಾನ್ಯ ಮಾಪಕಗಳು ಕೂಡ ಹೊರದೇಶಗಳಿಂದ ಬರಬೇಕಾಗಿತ್ತು. ಮಣಿಯವರು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅಣಿಗೊಳಿಸಿ, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಯು ಅಳತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದೆಂಬುದು ಅವರ ದೃಢವಾದ ನಿಲುವಾಗಿತ್ತು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ದೇಶದಲ್ಲಿ ಸ್ಥಾಪಿಸಿದರು.

ನೆಲದ ಮೇಲಿನ ಅಳತೆಯಷ್ಟೇ ಸಾಲದು. 1960ರ ದಶಕದಲ್ಲಿ ಅವರೂ ಸಂಗಡಿಗರೂ ಬಲೂನುಗಳಿಗೆ ವಿಕಿರಣಮಾಪಕಗಳನ್ನು ಕಟ್ಟಿ ಮೇಲಕ್ಕೆ ಕಳುಹಿಸಿದರು. ಮಾಪಕದಲ್ಲಿ ಕಪ್ಪು ಬಳಿದ ಎರಡು ಮೈಗಳು. ಒಂದು ಆಕಾಶಕ್ಕೆ ಮುಖಮಾಡಿದ್ದರೆ ಇನ್ನೊಂದು ನೆಲಕ್ಕೆ. ಅವುಗಳ ಉಷ್ಣತೆಯನ್ನು ರೇಡಿಯೋ ಕೆಳಕ್ಕೆ ತಿಳಿಸುತ್ತಿತ್ತು. ಬಿಸಿಲು ಬೆರೆತರೆ ಲೆಕ್ಕ ಕೆಡುವುದರಿಂದ ಬಲೂನುಗಳು ಇರುಳಿನಲ್ಲಿಯೇ ಏರಬೇಕು. ತೇವದ ಗಾಳಿ ಉಷ್ಣವನ್ನು ಎಷ್ಟು ತಡೆಯುತ್ತದೆ, ಒಣಗಾಳಿ ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಎತ್ತರಕ್ಕೆ ತಕ್ಕಂತೆ ತಿಳಿಯಲು ಇದರಿಂದ ದಾರಿಯಾಯಿತು. ಓಜೋನನ್ನು ಅಳೆಯುವ ಬಲೂನು ಉಪಕರಣವೂ ಅವರ ನೇತೃತ್ವದಲ್ಲಿಯೇ ಸಿದ್ಧವಾಯಿತು.

1976ರಲ್ಲಿ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನ ಸಂಸ್ಥೆಯಲ್ಲಿ ದುಡಿದರು. ಭಾರತದ ಸೌರವಿಕಿರಣವನ್ನು ಕುರಿತ ಅವರ ಎರಡು ಬೃಹದ್ಗ್ರಂಥಗಳು 1980 ಮತ್ತು 1981ರಲ್ಲಿ ಹೊರಬಂದವು. ಗಾಳಿಯ ವೇಗವನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳಿಗಾಗಿ ಆ ನಗರದಲ್ಲಿಯೇ ಒಂದು ಕಾರ್ಯಾಗಾರವನ್ನು ತೆರೆದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನ ಹೊಂದಿದರು.